ಟ್ಯಾಬ್ ಬಂತು ಸರಿ, ಎರಡನೇ ಟೀಚರ್ ತರಗತಿಯೊಳಗೆ ಬರುವುದು ಯಾವಾಗ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಂಡ್ಯ ಪುಟದಲ್ಲಿ ಆಗಾಗ ಒಂದೇ ಬಗೆಯ ಫೋಟೊ ಬರುತ್ತದೆ. ಹಿಂದೆ ಫ್ಲೆಕ್ಸ್, ಮುಂದೆ ಒಂದು ಮಗು, ಆ ಮಗುವಿನ ಕೈಗೆ ಡಬ್ಬ ಕೊಡುತ್ತಿರುವ ನಾಲ್ಕೈದು ಜನ ದೊಡ್ಡವರು, ಎಲ್ಲರ ಕಣ್ಣೂ ಕ್ಯಾಮೆರಾ ಮೇಲೆ. ಡಬ್ಬದಲ್ಲಿ ಶ್ರವಣ ಸಾಧನ ಇರಬಹುದು, ಟ್ಯಾಬ್ ಇರಬಹುದು, ಬ್ರೈಲ್ ಕಿಟ್ ಇರಬಹುದು. ಕೊಡುವುದು ಒಳ್ಳೆಯದೇ, ಬೇಡ ಅನ್ನುವವಳಲ್ಲ ನಾನು. ನನ್ನ ತಕರಾರು ಫೋಟೊ ತೆಗೆದ ಮಾರನೇ ದಿನದ್ದು. ಆ ಡಬ್ಬ ಹಿಡಿದುಕೊಂಡು ಮಗು ತರಗತಿಗೆ ಬಂದಾಗ ಅಲ್ಲಿ ಇರುವುದು ನನ್ನಂಥ ಒಬ್ಬಳೇ ಟೀಚರ್. ಗಣಿತವೂ ನನ್ನದೇ, ವಿಜ್ಞಾನವೂ ನನ್ನದೇ, ಜೊತೆಗೆ ಮಕ್ಕಳ ವಿವರ ಕಂಪ್ಯೂಟರಿಗೆ ಹಾಕುವ ಸ್ಯಾಟ್ಸ್ ಎಂಟ್ರಿ, ಬಿಸಿಯೂಟದ ಲೆಕ್ಕ, ಮೊಟ್ಟೆ ಎಣಿಕೆ. ಶ್ರವಣ ಸಾಧನದ ಬ್ಯಾಟರಿ ಹಾಕುವುದು ಹೇಗೆ ಅಂತ ಬಿ.ಇಡಿಯಲ್ಲಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಅದನ್ನು ಚೆನ್ನಾಗಿ ಬಲ್ಲವರು ಇಲಾಖೆಯಲ್ಲೇ ಇದ್ದಾರೆ, ಆದರೆ ಅವರು ನನ್ನ ತರಗತಿಯ ಹೊಸ್ತಿಲು ದಾಟಿ ಒಳಗೆ ಬರುವುದು ತೀರಾ ಅಪರೂಪ.

ನಾನು ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಏಳನೇ ತರಗತಿಯಲ್ಲಿ ಕಿವಿಗೆ ಸಾಧನ ಹಾಕುವ ಒಬ್ಬ ಹುಡುಗ ಇದ್ದಾನೆ, ಮಂದದೃಷ್ಟಿಯ ಒಬ್ಬಳು ಹುಡುಗಿ ಇದ್ದಾಳೆ. ಇವರಿಬ್ಬರದು ಸರ್ಟಿಫಿಕೇಟ್ ಇರುವ ಲೆಕ್ಕ. ಯಾವ ಸರ್ಟಿಫಿಕೇಟೂ ಇಲ್ಲದೆ ಓದಲು ಒದ್ದಾಡುವವರು ಬೇರೆ ಇದ್ದಾರೆ, ಅವರನ್ನು ನಾವು ಸುಮ್ನೆ ‘ದಡ್ಡ’ ಅಂತ ಹೇಳಿ ಮುಗಿಸಿಬಿಡುತ್ತೇವೆ.

ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅಂತ ಇರುತ್ತಾರೆ. ಇಲಾಖೆಯ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಇವರು ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು. ತಾಲ್ಲೂಕಿನ ಅಷ್ಟೂ ಶಾಲೆಗಳನ್ನು ಕೆಲವೇ ಮಂದಿ ನೋಡಿಕೊಳ್ಳಬೇಕು. ಮಕ್ಕಳನ್ನು ಗುರುತಿಸುವುದು, ವೈದ್ಯಕೀಯ ಶಿಬಿರಕ್ಕೆ ಕರೆಸುವುದು, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿನ ಅಲೆದಾಟ, ಸಾಧನ ಸಲಕರಣೆ ಹಂಚುವುದು, ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಗೃಹಾಧಾರಿತ ಶಿಕ್ಷಣ, ಎಲ್ಲಾ ಅವರ ತಲೆ ಮೇಲೆ. ನಮ್ಮ ಕಡೆಯ ಬಿಐಇಆರ್‌ಟಿ ಮೇಡಂ ಕೆಲಸ ಕಣ್ಣಾರೆ ನೋಡಿದ್ದೇನೆ, ಸ್ಕೂಟರಿನಲ್ಲಿ ಬಿಸಿಲು ಮಳೆ ನೋಡದೆ ಓಡಾಡುತ್ತಾರೆ. ಅವರ ಮೇಲೆ ನನ್ನದೊಂದು ಮಾತೂ ಇಲ್ಲ. ವ್ಯವಸ್ಥೆ ಹೇಗಿದೆ ಅಂದರೆ, ಅವರು ಶಾಲೆಗೆ ಬಂದಾಗ ನಾವು ಆ ಇಬ್ಬರು ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ಹೊರಗೆ ಕಳಿಸುತ್ತೇವೆ. ವರಾಂಡದಲ್ಲೋ ಹೆಚ್ಚೆಮ್ ರೂಮಿನಲ್ಲೋ ಕೂರಿಸಿಕೊಂಡು ಅವರು ಏನೋ ಹೇಳಿಕೊಡುತ್ತಾರೆ. ಒಳಗೆ ನಾನು ಬೇರೇನೋ ಹೇಳಿಕೊಡುತ್ತಿರುತ್ತೇನೆ. ಮಗು ವಾಪಸ್ ಬಂದಾಗ ಬೋರ್ಡ್ ಮೇಲೆ ಅರ್ಧ ಪಾಠ ಮುಗಿದಿರುತ್ತದೆ. ಇದಕ್ಕೆ ನಾವು ಇಟ್ಟಿರುವ ಹೆಸರು ಸಮನ್ವಯ ಶಿಕ್ಷಣ, ಅಂದರೆ ಎಲ್ಲಾ ಮಕ್ಕಳನ್ನೂ ಒಂದೇ ತರಗತಿಯಲ್ಲಿ ಸೇರಿಸಿ ಕಲಿಸುವುದು!

ಒಂದು ದಿನ ಹೆಚ್ಚೆಮ್ ರೂಮಿನಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗ್ ನಡೆಯುತ್ತಿತ್ತು, ಹೊರಗೆ ಜೋರು ಮಳೆ. ಮೇಡಂಗೆ ಕೂರಲು ಜಾಗವಿಲ್ಲದೆ ನನ್ನ ತರಗತಿಗೇ ಬಂದು ಕೂತರು. ನಾನು ಕೋನಗಳ ಪಾಠ ಮಾಡುತ್ತಿದ್ದೆ. ಎರಡು ಕೋನ ಸೇರಿ 90 ಡಿಗ್ರಿ ಆದರೆ ಪೂರಕ ಕೋನ, 180 ಆದರೆ ಪರಿಪೂರಕ ಕೋನ. ಹುಡುಗ ಎಲ್ಲಾ ಲೆಕ್ಕಕ್ಕೂ 90 ಅಂತಲೇ ಬರೆಯುತ್ತಿದ್ದ. ಮೇಡಂ ಐದು ನಿಮಿಷ ನೋಡಿದರು, ಎದ್ದು ಬಂದರು, ‘ಟೀಚರ್, ಅವನಿಗೆ ಎರಡೂ ಒಂದೇ ಥರ ಕೇಳಿಸ್ತಿದೆ. ಜೊತೆಗೆ ನೀವು ಬೋರ್ಡ್ ಕಡೆ ತಿರುಗಿಕೊಂಡು ಹೇಳ್ತೀರಿ, ತುಟಿ ಕಾಣಲ್ಲ’ ಅಂದರು. ಶ್ರವಣ ಸಾಧನ ನನ್ನ ದನಿಯೊಂದನ್ನೇ ದೊಡ್ಡದು ಮಾಡುವುದಿಲ್ಲ. ಫ್ಯಾನು, ಬೆಂಚು ಎಳೆಯುವ ಸದ್ದು, ರಸ್ತೆಯಲ್ಲಿ ಕಬ್ಬು ತುಂಬಿಕೊಂಡು ಹೋಗುವ ಟ್ರ್ಯಾಕ್ಟರು, ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಆ ಗದ್ದಲದಲ್ಲಿ ‘ಪರಿ’ ಅನ್ನುವ ಎರಡಕ್ಷರ ಉಳಿಯುವುದೇ ಕಷ್ಟ.

ಅವತ್ತು ಉಳಿದ ಪಾಠವನ್ನು ಇಬ್ಬರೂ ಸೇರಿ ಮಾಡಿದೆವು. ನಾನು ಮಕ್ಕಳ ಕಡೆ ಮುಖ ಮಾಡಿ ಹೇಳುತ್ತಿದ್ದೆ, ಮೇಡಂ ಬೋರ್ಡ್ ಮೇಲೆ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಎರಡೂ ಪದ, ಕೆಳಗೆ ಅದರದರ ಡಿಗ್ರಿ ಬರೆದರು. ಆಮೇಲೆ ಅವರ ಫೋನಿನಲ್ಲಿ ಮಾತನ್ನು ಅಕ್ಷರವಾಗಿ ತೋರಿಸುವ ಆ್ಯಪ್ ತೆರೆದು ಹುಡುಗನ ಡೆಸ್ಕಿನ ಮೇಲೆ ಇಟ್ಟರು. ಲೈವ್ ಟ್ರಾನ್ಸ್‌ಕ್ರೈಬ್ ಅಂತ, ಗೂಗಲ್‌ನವರದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡವನ್ನೂ ಬರೆಯುತ್ತದೆ. ಚೆನ್ನಾಗಿ ಬರೆಯುತ್ತದೆ ಅಂತ ಹೇಳಲಾರೆ. ಗದ್ದಲ ಜಾಸ್ತಿಯಾದರೆ ಅದಕ್ಕೂ ಕಿವಿ ಕೇಳುವುದಿಲ್ಲ, ಗಣಿತದ ಪದ ಬಂದರೆ ತಡವರಿಸುತ್ತದೆ. ಪರಿಪೂರಕ ಅಂದಿದ್ದಕ್ಕೆ ಏನೇನೋ ಬರೆಯಿತು. ಪಕ್ಕದ ಬೆಂಚಿನವರೆಲ್ಲ ಬಗ್ಗಿ ನೋಡಿ ನಕ್ಕರು, ತಪ್ಪು ತಪ್ಪು ಅಂತ ಕೂಗಿ ಸರಿಯಾದ ಪದ ಹೇಳಿದರು, ಫೋನು ಸರಿಯಾಗಿ ಬರೆಯುವವರೆಗೂ ಬಿಡಲಿಲ್ಲ. ಇಡೀ ತರಗತಿಗೆ ಆ ಎರಡು ಪದ ಹಾಗೆ ಕಂಠಪಾಠವಾಯಿತು. ಹಿಂದಿನ ಬೆಂಚಿನಲ್ಲಿ ಯಾವತ್ತೂ ಕಿಟಕಿ ನೋಡುತ್ತಾ ಕೂರುವ ಹುಡುಗನೊಬ್ಬ, ಅವನಿಗೆ ಯಾವ ಸರ್ಟಿಫಿಕೇಟೂ ಇಲ್ಲ, ಬಣ್ಣದ ಸೀಮೆಸುಣ್ಣ ನೋಡಿಕೊಂಡು ಮೊದಲ ಸಲ ಲೆಕ್ಕ ಪೂರ್ತಿ ಬರೆದುಕೊಂಡ. ನನಗೆ ಜಾಸ್ತಿ ಆಶ್ಚರ್ಯವಾಗಿದ್ದು ಅದೇ.

ಫೋನು ಒಂದೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ನಾನು ಪಾಠ ಹೇಳುತ್ತಾ ಹೇಳುತ್ತಾ ಫೋನಿನ ಪರದೆಯಲ್ಲಿ ಏನು ಬರುತ್ತಿದೆ ಅಂತ ನೋಡಲು ಆಗುತ್ತದೆಯೇ? ಅದು ತಪ್ಪು ಬರೆದರೆ ತಿದ್ದುವವರು ಯಾರು? ಹುಡುಗ ತಪ್ಪನ್ನೇ ಬರೆದುಕೊಂಡು ಮನೆಗೆ ಹೋಗುತ್ತಾನೆ, ಅಷ್ಟೇ.

ಇಬ್ಬರು ಟೀಚರ್ ಸೇರಿ ಪಾಠ ಮಾಡುವುದು ಹೊಸದೇನೂ ಅಲ್ಲ. ಅಮೆರಿಕದಲ್ಲಿ 1975ರ ಕಾನೂನು ಬಂದ ಮೇಲೆ ಅಂಗವಿಕಲ ಮಕ್ಕಳು ಸಾಮಾನ್ಯ ಶಾಲೆಗೆ ಬರುವುದು ಹೆಚ್ಚಾಯಿತು, ಬರುಬರುತ್ತಾ ವಿಶೇಷ ಶಿಕ್ಷಕರೂ ಮಕ್ಕಳ ಹಿಂದೆಯೇ ತರಗತಿಯೊಳಗೆ ಬಂದರು. ಮೆರಿಲಿನ್ ಫ್ರೆಂಡ್ ಮತ್ತು ಲಿನ್ ಕುಕ್ ಅನ್ನುವ ಅಲ್ಲಿನ ವಿಶೇಷ ಶಿಕ್ಷಣ ತಜ್ಞರು ಇಬ್ಬರೂ ಕೆಲಸ ಹಂಚಿಕೊಳ್ಳುವ ಆರು ಬಗೆಗಳನ್ನು ಗುರುತಿಸಿದ್ದಾರೆ. ಒಬ್ಬರು ಪಾಠ ಮಾಡಿ ಇನ್ನೊಬ್ಬರು ಮಕ್ಕಳನ್ನು ಗಮನಿಸುವುದು, ಇನ್ನೊಬ್ಬರು ಓಡಾಡಿಕೊಂಡು ನೆರವಾಗುವುದು, ತರಗತಿಯನ್ನು ಎರಡು ಮಾಡಿಕೊಂಡು ಅದೇ ಪಾಠ ಮಾಡುವುದು, ಮಕ್ಕಳ ಗುಂಪುಗಳನ್ನು ಒಬ್ಬ ಟೀಚರ್ ಬಳಿಯಿಂದ ಇನ್ನೊಬ್ಬರ ಬಳಿಗೆ ಸುತ್ತಿಸುವುದು, ಹಿಂದುಳಿದ ನಾಲ್ವರನ್ನು ಅಲ್ಲೇ ಒಂದು ಮೂಲೆಯಲ್ಲಿ ಕೂರಿಸಿಕೊಳ್ಳುವುದು, ಕೊನೆಗೆ ಇಬ್ಬರೂ ಮಾತಿಗೆ ಮಾತು ಸೇರಿಸಿ ಒಟ್ಟಿಗೆ ಮಾಡುವುದು. ನಮ್ಮಲ್ಲಿ ಎಲ್ಲೋ ಅಪ್ಪಿತಪ್ಪಿ ನಡೆಯುವುದು ಎರಡನೆಯದು. ಅದರಲ್ಲೂ ವಿಶೇಷ ಶಿಕ್ಷಕರು ಆ ಮಗುವಿನ ಪಕ್ಕಕ್ಕೇ ಅಂಟಿಕೊಂಡು ಕೂತರೆ ಉಳಿದ ಮಕ್ಕಳು ‘ಅದು ಅವನ ಮಿಸ್ಸು’ ಅನ್ನುತ್ತಾರೆ. ಅಲ್ಲಿಗೆ ಮತ್ತೆ ಬೇರೆ ಮಾಡಿದ ಹಾಗೇ ಆಯಿತು.

ಗುಂಪು ಸುತ್ತಿಸುವುದನ್ನು ಕಲಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. 1995ರಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಶುರುವಾಯಿತು. ಒಂದರಿಂದ ಮೂರನೇ ತರಗತಿ ಮಕ್ಕಳು ನೆಲದ ಮೇಲೆ ತಟ್ಟೆ ತಟ್ಟೆಯಾಗಿ ಕೂರುತ್ತಾರೆ, ತಟ್ಟೆ ಅಂದರೆ ಮಕ್ಕಳ ಒಂದು ಗುಂಪು. ಒಂದು ತಟ್ಟೆಗೆ ಟೀಚರ್ ಪೂರ್ತಿ ನೆರವು ಬೇಕು, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ತಾನೇ ಕಲಿಯುವುದು. ಯಾರೂ ಒಂದೇ ದಿನ ಒಂದೇ ಪುಟದಲ್ಲಿ ಇರಬೇಕಾಗಿಲ್ಲ, ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ತಾನು ಹತ್ತಿದರೆ ಸಾಕು. ವಿಶೇಷ ಅಗತ್ಯದ ಮಗುವಿಗೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಇನ್ನೊಂದಿಲ್ಲ. ಎರಡನೇ ಟೀಚರ್ ಬಂದು ಒಂದು ತಟ್ಟೆಯ ಪಕ್ಕ ಕೂತರೆ ಯಾರಿಗೂ ವಿಚಿತ್ರ ಅನ್ನಿಸುವುದೂ ಇಲ್ಲ. ಆದರೆ ಮಗು ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಬೆಂಚು, ಬೋರ್ಡು, ‘ಎಲ್ಲರೂ ಇಲ್ಲಿ ನೋಡಿ’. ಬೋರ್ಡ್ ಕಾಣದ ಮಗು ಎಲ್ಲಿ ನೋಡಬೇಕು? ನಮ್ಮ ಕಡೆ ಹುಟ್ಟಿದ ಪದ್ಧತಿಯನ್ನು ಮೂರನೇ ತರಗತಿಗೇ ನಿಲ್ಲಿಸಿ, ಆಮೇಲೆ ಸಮನ್ವಯ ಶಿಕ್ಷಣದ ಬಗ್ಗೆ ಕಾರ್ಯಾಗಾರ ಮಾಡುತ್ತಿದ್ದೇವೆ.

ಇನ್ನು ತಂತ್ರಜ್ಞಾನದ ವಿಷಯ. ಜನ ಅಂದುಕೊಂಡಿರುವ ಹಾಗೆ ಇದಕ್ಕೆ ಲಕ್ಷಗಟ್ಟಲೆ ಬೇಕಾಗಿಲ್ಲ. ನನ್ನ ಮಂದದೃಷ್ಟಿ ಹುಡುಗಿಗೆ ಬೇಕಾಗಿದ್ದು ಬೋರ್ಡಿನ ಫೋಟೊ ತೆಗೆದು ಬೆರಳಲ್ಲಿ ಹಿಗ್ಗಿಸಿ ನೋಡಲು ಒಂದು ಹಳೇ ಫೋನು ಮಾತ್ರ. ಪೂರ್ತಿ ಕಣ್ಣು ಕಾಣದ ಮಕ್ಕಳಿಗೆ ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಅಂತ ಮೊದಲೇ ಇರುತ್ತದೆ, ಪರದೆ ಮೇಲೆ ಇರುವುದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಅನ್ನುವ ತಂತ್ರಾಂಶ ಇದೆ, ಪುಕ್ಕಟೆ, ಅದೂ ಕನ್ನಡ ಓದುತ್ತದೆ. ಇಷ್ಟೆಲ್ಲಾ ಇದ್ದೂ ಕೆಲಸ ಕೆಡುವುದು ಎಲ್ಲಿ ಗೊತ್ತಾ? ನಾವು ಟೈಪ್ ಮಾಡುವ ಕಡೆ.

ನಮ್ಮ ಶಾಲೆಗಳಿಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರುವ ಎಷ್ಟೋ ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆ ಈಗಲೂ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಆಗಿರುತ್ತವೆ. ಕಣ್ಣಿಗೆ ಕನ್ನಡ ಕಾಣುತ್ತದೆ, ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ. ‘ಕನ್ನಡ’ ಅಂತ ಬರೆದ ಪದ ಒಳಗೆ ಇಂಗ್ಲಿಷಿನ ಪಿ, ನೆತ್ತಿ ಮೇಲೆ ಗೆರೆ ಎಳೆದ ಎ, ಪೌಂಡ್ ಗುರುತು, ಕ್ಯೂ ಅಂತ ಸಾಲಾಗಿ ಕೂತಿರುತ್ತದೆ. ಕಣ್ಣಿರುವ ನಮಗೆ ಆ ಫಾಂಟು ಮೇಲೆ ಕನ್ನಡದ ವೇಷ ಹಾಕಿ ತೋರಿಸುತ್ತದೆ. ಓದಿ ಹೇಳುವ ಯಂತ್ರಕ್ಕೆ ವೇಷ ಗೊತ್ತಾಗುವುದಿಲ್ಲ, ಒಳಗಿರುವುದನ್ನೇ ಹೇಳುತ್ತದೆ. ಕೂತು ಒಮ್ಮೆ ಕೇಳಿ ನೋಡಿ, ಪಿ, ಪೌಂಡ್, ಕ್ಯೂ ಅಂತ ಮಗುವಿನ ಕಿವಿಗೆ ಸುರಿಯುತ್ತಿರುತ್ತದೆ. ಇನ್ನು ಕೆಲವರು ಪ್ರಿಂಟ್ ತೆಗೆದು, ಸಹಿ ಸೀಲು ಹಾಕಿ, ಅದರ ಫೋಟೊ ತೆಗೆದು, ಪಿಡಿಎಫ್ ಮಾಡಿ ಕಳಿಸುತ್ತಾರೆ. ಅದಂತೂ ಯಂತ್ರಕ್ಕೆ ಬರೀ ಚಿತ್ರ. ಕನ್ನಡವನ್ನು ಒಳಗೂ ಕನ್ನಡವಾಗಿಯೇ ಇಡುವ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಈ ಯಾವ ತಾಪತ್ರಯವೂ ಇಲ್ಲ. ಈಗಿನ ನುಡಿಯಲ್ಲೇ ಯೂನಿಕೋಡ್ ಇದೆ, ಹಳೆಯ ಫೈಲುಗಳನ್ನು ಬದಲಾಯಿಸಲು ಪರಿವರ್ತಕಗಳೂ ಪುಕ್ಕಟೆ ಸಿಗುತ್ತವೆ. ಒಂದು ಪೈಸೆ ಖರ್ಚಿಲ್ಲದ ಕೆಲಸ. ಆದರೂ ಆಗುತ್ತಿಲ್ಲ. ಯಾಕೆಂದರೆ ಟೈಪ್ ಮಾಡುವವರಿಗೆ ಕಣ್ಣು ಕಾಣದ ಮಗು ಗೊತ್ತಿಲ್ಲ, ಮಗುವನ್ನು ಬಲ್ಲ ವಿಶೇಷ ಶಿಕ್ಷಕರನ್ನು ಪ್ರಶ್ನೆಪತ್ರಿಕೆ ಮಾಡುವಾಗ ಯಾರೂ ಕರೆಯುವುದಿಲ್ಲ.

ಹಾಗಂತ ಎಲ್ಲಾ ಕಿವಿಯಲ್ಲೇ ಮುಗಿಸಿಬಿಡಬಹುದು ಅಂತಲೂ ಅಲ್ಲ. ‘ಫೋನು ಓದಿ ಹೇಳುತ್ತದಲ್ಲ, ಇನ್ನು ಬ್ರೈಲ್ ಯಾಕೆ’ ಅಂತ ನಮ್ಮ ಸ್ಟಾಫ್ ರೂಮಿನಲ್ಲೇ ಕೇಳಿದ್ದೇನೆ. ಕೇಳಿದ ಮಾತ್ರಕ್ಕೆ ಕಾಗುಣಿತ ಬರುವುದಿಲ್ಲ. ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣ ಎಲ್ಲಾ ಬೆರಳಿನಲ್ಲಿ ಮುಟ್ಟಿಯೇ ಗಟ್ಟಿಯಾಗಬೇಕು. ಗಣಿತದಲ್ಲಂತೂ ಭಿನ್ನರಾಶಿಯನ್ನು, ಕೋಷ್ಟಕವನ್ನು, ತ್ರಿಭುಜವನ್ನು ಕಿವಿಯಲ್ಲಿ ಕೇಳಿ ಅರ್ಥ ಮಾಡಿಕೊಳ್ಳಲು ಹೇಳುವುದು ಅನ್ಯಾಯ. ರಟ್ಟಿನ ಮೇಲೆ ಗೋಂದಿನಲ್ಲಿ ದಾರ ಅಂಟಿಸಿ ತ್ರಿಭುಜ ಮಾಡಿಕೊಟ್ಟರೆ ಆಯಿತು, ಅದೂ ತಂತ್ರಜ್ಞಾನವೇ ಅಲ್ವಾ? ಯಾವ ಪಾಠಕ್ಕೆ ದಾರ ಸಾಕು, ಯಾವುದಕ್ಕೆ ಫೋನು ಬೇಕು ಅಂತ ತೀರ್ಮಾನಿಸಲು ಪಾಠ ಗೊತ್ತಿರುವವರು ಒಬ್ಬರು, ಮಗುವಿನ ತೊಂದರೆ ಗೊತ್ತಿರುವವರು ಇನ್ನೊಬ್ಬರು ಎದುರು ಬದುರು ಕೂರಬೇಕು. ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿಯವರು 2022ರಲ್ಲಿ ತಂದ ಪ್ರಶಸ್ತ್ ಆ್ಯಪ್ ಕೂಡ ಇದನ್ನು ಒಪ್ಪಿಕೊಂಡೇ ಮಾಡಿದ್ದು. ಮಕ್ಕಳ ತೊಂದರೆ ಗುರುತಿಸುವ ಪಟ್ಟಿಯಲ್ಲಿ ಮೊದಲ ಭಾಗ ತರಗತಿ ಶಿಕ್ಷಕರದು, ಎರಡನೇ ಭಾಗ ವಿಶೇಷ ಶಿಕ್ಷಕರು ಇಲ್ಲವೇ ಮುಖ್ಯ ಶಿಕ್ಷಕರದು.

ಇಬ್ಬರು ಕೂರದೇ ಇರಲು ಕಾರಣ ಬಹಳ ಹಿಂದೆಯೇ ಇದೆ. ನಮ್ಮ ಬಿ.ಇಡಿ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಎನ್‌ಸಿಟಿಇ ಕೆಳಗೆ, ವಿಶೇಷ ಬಿ.ಇಡಿ ಭಾರತೀಯ ಪುನರ್ವಸತಿ ಪರಿಷತ್ತಿನ ಕೆಳಗೆ. ಕಾಲೇಜು ಬೇರೆ, ಪಠ್ಯ ಬೇರೆ, ಪಾಠ ಮಾಡಿ ಕಲಿಯುವ ಶಾಲೆಗಳೂ ಬೇರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಪಾಸಾಗಿ, ಕೆಲಸಕ್ಕೆ ಸೇರಿದ ಮೇಲೆ ಒಂದೇ ತರಗತಿಯಲ್ಲಿ ಹೊಂದಿಕೊಂಡು ಪಾಠ ಮಾಡಿ ಅಂದರೆ ಹೇಗೆ? ಮದುವೆಗೆ ಮುಂಚೆ ಹುಡುಗ ಹುಡುಗಿಯನ್ನು ಮಾತಾಡಲು ಬಿಡದೆ ಸಂಸಾರ ಚೆನ್ನಾಗಿರಲಿ ಅಂತ ಹರಸಿದ ಹಾಗೆ.

ಇದನ್ನು ಸರಿಮಾಡಲು ಮೈಸೂರಿಗಿಂತ ಒಳ್ಳೆ ಊರು ದೇಶದಲ್ಲೇ ಸಿಗುವುದು ಕಷ್ಟ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಶ್ರವಣದೋಷವಿರುವ ಮಕ್ಕಳಿಗೆ ಪಾಠ ಮಾಡುವ ವಿಶೇಷ ಬಿ.ಇಡಿ ಅಲ್ಲಿ ನಡೆಯುತ್ತದೆ. ಅದೇ ಮಾನಸಗಂಗೋತ್ರಿಯಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಅಲ್ಲಿ ಸಾಮಾನ್ಯ ಬಿ.ಇಡಿ. ಬ್ರೈಲ್ ಪುಸ್ತಕ ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯ ತಿಲಕ್ ನಗರದಲ್ಲಿದೆ. ಬಿ.ಇಡಿ ಈಗ ಎರಡು ವರ್ಷ, ಅದರಲ್ಲಿ ತಿಂಗಳುಗಟ್ಟಲೆ ಶಾಲಾ ಇಂಟರ್ನ್‌ಶಿಪ್ ಕಡ್ಡಾಯ. ಈ ಕಡೆಯ ಒಬ್ಬರು, ಆ ಕಡೆಯ ಒಬ್ಬರು, ಹೀಗೆ ಜೋಡಿ ಮಾಡಿ ಮೈಸೂರು, ಮಂಡ್ಯದ ಸರ್ಕಾರಿ ಶಾಲೆಗಳಿಗೆ ಕಳಿಸಿದರೆ ಏನು ಗಂಟು ಹೋಗುತ್ತದೆ? ಹೊಸ ಹುದ್ದೆ ಬೇಡ, ಹೊಸ ಕಟ್ಟಡ ಬೇಡ. ಮೈಸೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಒಂದು ಗಂಟೆಯೊಳಗೆ ಬರಬಹುದು. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನವರು ಮನಸ್ಸು ಮಾಡಿದರೆ ಒಂದು ಕಾಗದ ಬರೆದು ಶುರು ಮಾಡಬಹುದಾದ ಕೆಲಸ.

ಹುದ್ದೆಯೇ ಬೇಡ ಅಂತ ನನ್ನ ಮಾತಿನ ಅರ್ಥವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು, ಓದುವ ಬರೆಯುವ ತೊಂದರೆಯೂ, ಆಟಿಸಂ ಕೂಡ ಅದರಲ್ಲಿ ಬಂತು. ಸುಪ್ರೀಂ ಕೋರ್ಟ್ 2021ರಲ್ಲಿ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದಕ್ಕಿಂತ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು ಅಂತ ಹೇಳಿತು. 2025ರ ಮಾರ್ಚಿನಲ್ಲಿ ಮತ್ತೆ, ಹುದ್ದೆ ಸೃಷ್ಟಿಸಿ ಅಧಿಸೂಚನೆ ಹೊರಡಿಸಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳಿತು. ತಾಲ್ಲೂಕಿಗೆ ಕೆಲವೇ ಜನ ಸ್ಕೂಟರಿನಲ್ಲಿ ಸುತ್ತುವ ಈಗಿನ ಲೆಕ್ಕ ಎಲ್ಲಿ, ಆ ಲೆಕ್ಕ ಎಲ್ಲಿ.

ನನ್ನ ಸಹೋದ್ಯೋಗಿ ಮೇಷ್ಟ್ರೊಬ್ಬರು ಇದನ್ನೆಲ್ಲಾ ಕೇಳಿ ನಕ್ಕರು. ‘ಮೇಡಂ, ಒಬ್ಬ ಟೀಚರೇ ಐದು ಕ್ಲಾಸು ನೋಡೋ ಸ್ಕೂಲುಗಳಿವೆ, ನೀವು ಒಂದು ಕ್ಲಾಸಿಗೆ ಇಬ್ಬರನ್ನ ಕೇಳ್ತಿದ್ದೀರಲ್ಲ’ ಅಂದರು. ಮಾತು ಸುಳ್ಳಲ್ಲ. ಏಕೋಪಾಧ್ಯಾಯ ಶಾಲೆಗಳಲ್ಲಿ ಟೀಚರ್ ರಜೆ ಹಾಕಿದರೆ ಬೀಗ ಹಾಕುವ ಪರಿಸ್ಥಿತಿ. ಆದರೆ ನಾನು ದಿನಪೂರ್ತಿ ಇಬ್ಬರಿರಲಿ ಅಂತ ಕೇಳುತ್ತಿಲ್ಲ. ಬಿಐಇಆರ್‌ಟಿಗಳು ಹೇಗೂ ಶಾಲೆಗೆ ಬರುತ್ತಾರೆ. ಬರುವ ದಿನ, ಪೀರಿಯಡ್ ಮೊದಲೇ ಗೊತ್ತಾಗಲಿ, ಬಂದಾಗ ಮಗುವನ್ನು ಹೊರಗೆ ಕರೆಯುವ ಬದಲು ತಾವು ಒಳಗೆ ಬರಲಿ. ಹಿಂದಿನ ವಾರವೇ ನಾನು ಯಾವ ಪಾಠ ಮಾಡುತ್ತೇನೆ ಅಂತ ವಾಯ್ಸ್ ಮೆಸೇಜ್ ಕಳಿಸುತ್ತೇನೆ, ಅದಕ್ಕೆ ಏನು ತಯಾರಿ ಬೇಕು ಅಂತ ಅವರು ಹೇಳಲಿ. ಅವರು ಬಾರದ ದಿನಗಳಲ್ಲಿ ನಾನೊಬ್ಬಳೇ ಅದನ್ನು ಮುಂದುವರಿಸುತ್ತೇನೆ. ಮಳೆ ಬಂದ ದಿನದ ಆ ಪೀರಿಯಡ್ ಆದಮೇಲೆ ನಾನು ಬೋರ್ಡ್ ಕಡೆ ತಿರುಗಿ ಮಾತಾಡುವುದನ್ನು ನಿಲ್ಲಿಸಿದ್ದೇನೆ. ಅದನ್ನು ಹೇಳಿಕೊಡಲು ಯಾವ ತರಬೇತಿ ಭತ್ಯೆಯೂ ಖರ್ಚಾಗಲಿಲ್ಲ.

ಟ್ಯಾಬು, ಫೋನಿನ ವಿಷಯದಲ್ಲೂ ಒಂದು ಮಾತು. ಮಗುವಿನ ಹೆಸರಿಗೆ ಕೊಟ್ಟ ಸಾಧನ ಮನೆಗೆ ಹೋಗುತ್ತದೆ, ಮನೆಯಲ್ಲಿ ಅಣ್ಣನ ಗೇಮಿಗೆ ಹೋಗುತ್ತದೆ, ಚಾರ್ಜರ್ ಕೆಟ್ಟರೆ ಬೀರುವಿನ ಮೇಲಕ್ಕೆ ಹೋಗುತ್ತದೆ. ಅಪ್ಪ ಅಮ್ಮ ಇಬ್ಬರೂ ಗದ್ದೆ ಕೂಲಿಗೆ ಹೋಗುವ ಮನೆಯಲ್ಲಿ ಯಾರನ್ನು ಬೈಯುವುದು? ಶಾಲೆಯಲ್ಲಿ ಒಂದು ಸೆಟ್ ಇರಲಿ, ಕೆಟ್ಟರೆ ರಿಪೇರಿಗೆ ಶಾಲೆಯ ಅನುದಾನದಲ್ಲಿ ಖರ್ಚು ಮಾಡಲು ಹೆಚ್ಚೆಮ್‌ಗೆ ಬರಹದಲ್ಲಿ ಅನುಮತಿ ಕೊಡಿ. ಕೊಡದಿದ್ದರೆ ಅವರು ಆಡಿಟ್ ಭಯಕ್ಕೆ ಬೀರುವಿಗೆ ಬೀಗ ಹಾಕುತ್ತಾರೆ, ಅದೂ ಅವರ ತಪ್ಪಲ್ಲ.

ನಿಮ್ಮ ಪತ್ರಿಕೆ ಮೂಲಕ ಮಂಡ್ಯ, ಮೈಸೂರಿನ ಡಿಡಿಪಿಐ ಮತ್ತು ಡಯಟ್ ಪ್ರಾಂಶುಪಾಲರಿಗೆ ಕೇಳಿಕೊಳ್ಳುವುದು ಇಷ್ಟು. ದಸರಾ ರಜೆ ಮುಗಿದ ಮೇಲೆ ಎರಡನೇ ಅವಧಿಗೆ ಹೇಗೂ ವೇಳಾಪಟ್ಟಿ ತಿದ್ದುತ್ತೇವೆ. ಬಿಐಇಆರ್‌ಟಿ ಬರುವ ಪೀರಿಯಡನ್ನು ಆಗಲೇ ಅದರಲ್ಲಿ ಬರೆಸಿ, ಭೇಟಿ ವರದಿಯಲ್ಲಿ ‘ಮಗುವನ್ನು ಭೇಟಿಯಾದೆ’ ಅನ್ನುವ ಕಾಲಂ ಪಕ್ಕ ‘ಜೊತೆಯಾಗಿ ಮಾಡಿದ ಪಾಠ’ ಅಂತ ಇನ್ನೊಂದು ಕಾಲಂ ಹಾಕಿಸಿ. ಮುಂದಿನ ಎಫ್‌ಎ ಪರೀಕ್ಷೆಯ ಪ್ರಶ್ನೆಪತ್ರಿಕೆ ಯೂನಿಕೋಡಿನಲ್ಲಿ ಬರಲಿ, ಕಳಿಸುವ ಮುಂಚೆ ಕಚೇರಿಯಲ್ಲಿ ಯಾರಾದರೂ ಒಬ್ಬರು ತಮ್ಮ ಫೋನಿನಲ್ಲೇ ಟಾಕ್‌ಬ್ಯಾಕ್ ಆನ್ ಮಾಡಿ ಅದನ್ನು ಒಂದು ಸಲ ಕೇಳಿಸಿಕೊಳ್ಳಲಿ.

ಇಂತಿ,
ಒಬ್ಬಳು ಗಣಿತ ಶಿಕ್ಷಕಿ, ಮಂಡ್ಯ ತಾಲ್ಲೂಕು
(ನೌಕರಿಯಲ್ಲಿ ಇರುವುದರಿಂದ ಹೆಸರು ಹಾಕಬೇಡಿ)